ನಿಮಗಿದು ಗೊತ್ತೆ? ದವಡೆಯೊಳಗಿನ ಸಿಸ್ಟಿಗೊಂದು ಕಿಟಕಿ

ದವಡೆಯ ಎಲುಬಿನೊಳಗೆ ನೋವಿಲ್ಲದೆ ಬೆಳೆದು, ಎಷ್ಟೋ ವೇಳೆ ಹಲ್ಲಿನ ಎಕ್ಸ್‌-ರೇ ತೆಗೆದಾಗಲಷ್ಟೇ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ ಸಿಸ್ಟ್ ಎಂಬ ದ್ರವಪೂರಿತ ಚೀಲವನ್ನು ಒಂದೇ ಸಲಕ್ಕೆ ಸಮೂಲವಾಗಿ ಕಿತ್ತುಹಾಕಲೇಬೇಕೆಂಬ ನಿರ್ಬಂಧವಿಲ್ಲವೆಂಬುದನ್ನು, ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದ ಶಸ್ತ್ರವೈದ್ಯ ಕಾರ್ಲ್ ಪಾರ್ಚ್ ಅವರು 1892ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಚೀಲದ ಗೋಡೆಯಲ್ಲಿ ಬಾಯಿಯ ಕಡೆಗೆ ಒಂದು ಕಿಟಕಿಯನ್ನು ತೆರೆದು, ಅದರ ಒಳಪೊರೆಯ ಅಂಚನ್ನು ಬಾಯಿಯ ಲೋಳ್ಪೊರೆಗೆ ಹೊಲಿದುಬಿಡುವುದೇ ಆ ಉಪಾಯ. ಒಳಗಣ ಒತ್ತಡವಿಳಿದೊಡನೆ ಎಲುಬು ಕರಗುವುದು ನಿಂತು, ಕೆಲವು ತಿಂಗಳುಗಳಲ್ಲಿ ಸುತ್ತಲಿಂದ ಹೊಸ ಎಲುಬು ಮೂಡಿ ಕುಹರವು ಕಿರಿದಾಗುತ್ತ ಬರುವುದು. ಕೆಳದುಟಿಗೆ ಸ್ಪರ್ಶಜ್ಞಾನವನ್ನೀಯುವ ನರವೂ, ಮಕ್ಕಳಲ್ಲಾದರೆ ಇನ್ನೂ ಹುಟ್ಟದ ಹಲ್ಲೂ ಉಳಿಯುವ ಸಂಭವವುಂಟು. ಅಲ್ಲಿಯವರೆಗೆ ರೋಗಿಯು ಉಪ್ಪುನೀರಿನಿಂದ ಕುಹರವನ್ನು ನಿತ್ಯವೂ ತೊಳೆಯುತ್ತಿರಬೇಕು. ಬೇಸರದ ಕೆಲಸವೇ ಸರಿ. ಉಳಿದ ಪೊರೆಯನ್ನು ಅನೇಕ ವೇಳೆ ಎರಡನೆಯ ಸಣ್ಣ ಶಸ್ತ್ರಕ್ರಿಯೆಯಲ್ಲಿ ತೆಗೆಯುತ್ತಾರೆ.

ಎಲ್ಲ ಸಿಸ್ಟ್‌ಗಳೂ ಇಷ್ಟು ಸೌಮ್ಯವಲ್ಲ. ಮರುಕಳಿಸುವುದರಲ್ಲಿ ಕುಖ್ಯಾತವಾದ ಕೆರಟೋಸಿಸ್ಟ್ ಎಂಬ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಗಂತಿಗಳ ಪಂಕ್ತಿಗೆ ಸೇರಿಸಿ, 2017ರಲ್ಲಿ ಪುನಃ ಸಿಸ್ಟ್‌ಗಳ ಪಂಕ್ತಿಗೇ ಮರಳಿಸಿತು; ಪಂಡಿತರ ಈ ಚಂಚಲತೆಯಿಂದ ರೋಗದ ಸ್ವಭಾವವೇನೂ ಬದಲಾಗಲಿಲ್ಲ. ಇದನ್ನು ಹೆರೆದು ತೆಗೆದ ಬಳಿಕ, ಉಳಿದಿರಬಹುದಾದ ಕಣಗಳು ನಾಶವಾಗಲೆಂದು ಕಾರ್ನಾಯ್ ದ್ರಾವಣವೆಂಬ ರಾಸಾಯನಿಕವನ್ನು ಲೇಪಿಸುವ ಪದ್ಧತಿಯೂ ಇದೆ. ಇನ್ನು ಅಮೆಲೋಬ್ಲಾಸ್ಟೋಮ ಎಂಬ ಗಂತಿಯು ಕ್ಯಾನ್ಸರ್ ಅಲ್ಲದಿದ್ದರೂ ಸುತ್ತಲ ಎಲುಬಿನೊಳಕ್ಕೆ ನುಸುಳುವ ಸ್ವಭಾವದ್ದಾದುದರಿಂದ, ದವಡೆಯನ್ನುಳಿಸುವ ಚಿಕಿತ್ಸೆಯನ್ನು ಆರಿಸಿಕೊಂಡವರು ಅನೇಕ ವರ್ಷಗಳ ಕಾಲ ಎಕ್ಸ್‌-ರೇ ಪರೀಕ್ಷೆಗೆ ಮರಳಿ ಬರುತ್ತಲೇ ಇರಬೇಕಾಗುತ್ತದೆ.