ಕಾರು ಮಾರಿದೆವು, ಹಗ್ಗ ಉಳಿಸಿಕೊಂಡೆವು

ಕಳೆದ ದೀಪಾವಳಿ ಮುಗಿದ ಮೂರನೇ ದಿನ ನಮ್ಮ ಮನೆಯಿಂದ ಒಂದು ಕಾರು ಹೋಯಿತು. ಕಾರು ಮಾರುವುದರಲ್ಲಿ ಏನು ವಿಶೇಷ ಅನ್ನಬೇಡಿ. ಅದು 1954ರ ಮೋರಿಸ್ ಮೈನರ್. ನನ್ನಜ್ಜ 1971ರಲ್ಲಿ ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಆಗ ಇದ್ದದ್ದು ಅದೊಂದೇ ಕಾರು. ಹೆರಿಗೆ ನೋವು ಶುರುವಾದವರು, ಹಾವು ಕಚ್ಚಿಸಿಕೊಂಡವರು, ಮದುಮಕ್ಕಳು ಎಲ್ಲರೂ ಅದರ ಹಿಂದಿನ ಸೀಟಿನಲ್ಲಿ ಕೂತವರೇ. ಐದು ವರ್ಷದವನಿದ್ದಾಗ ನಾನೂ ಅದರಲ್ಲಿ ಚಂದ್ರಗುತ್ತಿ ಜಾತ್ರೆಗೆ ಹೋಗಿದ್ದೆ. ಆಮೇಲೆ ಅದು ಕೊಟ್ಟಿಗೆ ಸೇರಿತು. ಅಡಿಕೆ ಚೀಲ, ಹಾಳೆ, ಹರಿದ ತಾಡಪಾಲುಗಳ ಕೆಳಗೆ ಹದಿನೇಳು ವರ್ಷ ನಿಂತಿತು.

2020ರಲ್ಲಿ ಲಾಕ್‌ಡೌನ್ ಆದಾಗ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದೆ. ಕೈಯಲ್ಲಿ ಡಿಗ್ರಿ ಇತ್ತು, ಕೆಲಸ ಇರಲಿಲ್ಲ. ಒಂದು ದಿನ ಅಜ್ಜ, ‘ಅಪ್ಪಿ, ಸುಮ್ನೆ ಮೊಬೈಲು ತಿಕ್ಕೋ ಬದಲು ಆ ಕಾರಿನ ಧೂಳಾದ್ರೂ ತಿಕ್ಕು ಮಾರಾಯ’ ಎಂದರು. ಧೂಳು ಒರೆಸಲು ಹೋದವನು ಎರಡೂವರೆ ವರ್ಷ ಅದರ ಕೆಳಗೇ ಮಲಗಿದೆ.

ಮೊದಲ ಪಾಠ ಬ್ಯಾಟರಿಯದ್ದು. ಎಲ್ಲ ಕಾರುಗಳಂತೆ ಮೈನಸ್ ತಂತಿಯನ್ನು ಬಾಡಿಗೆ ಜೋಡಿಸಲು ಹೊರಟಿದ್ದೆ. ಹಿಂದಿನಿಂದ ಅಜ್ಜ, ‘ತಡಿ, ಇದರದ್ದು ಉಲ್ಟಾ’ ಎಂದರು. ನಿಜ, ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುವುದು ಪ್ಲಸ್. ನಮ್ಮಲ್ಲಿದ್ದ ಸ್ಪ್ಯಾನರ್‌ಗಳೂ ಹಿಡಿಸಲಿಲ್ಲ. ಅದರ ನಟ್ಟು ಬೋಲ್ಟುಗಳು ಇಂಚಿನ ಲೆಕ್ಕದವು. ಮೀಟರಿನಲ್ಲಿ ಕಿಲೋಮೀಟರ್ ಇಲ್ಲ, ಮೈಲಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲ ಕೆಳಗೆ, ನೆಲದೊಳಗೆ ಅಡಗಿ ಕೂತಿದೆ. ತಿರುಗುವಾಗ ಮಿನುಗುವ ದೀಪವಿಲ್ಲ. ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚಿಕೊಳ್ಳುತ್ತದೆ. ಅದು ಮೊದಲ ಸಲ ಚಾಚಿಕೊಂಡ ದಿನ ಕೇರಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು.

ಬಿಡಿಭಾಗ ಹುಡುಕುತ್ತಾ ಅದರ ಚರಿತ್ರೆಯೂ ಸಿಕ್ಕಿತು. ಈ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ವಿನ್ಯಾಸ ಮಾಡಿದವರು ಮುಂದೆ ‘ಮಿನಿ’ ಕಾರು ರೂಪಿಸಿದ ಅಲೆಕ್ ಇಸಿಗೊನಿಸ್. ಮಾದರಿ ಸಿದ್ಧವಾದ ಮೇಲೆ ಕಾರು ಸಪೂರವಾಯಿತು ಅನ್ನಿಸಿ, ಅದನ್ನು ಉದ್ದಕ್ಕೆ ಸೀಳಿಸಿ ನಡುವೆ ನಾಲ್ಕು ಇಂಚು ಸೇರಿಸಿದರಂತೆ. ಬಾನೆಟ್ಟಿನ ನಡುವೆ ಓಡುವ ಚಪ್ಪಟೆ ಪಟ್ಟಿ ಅದರ ಗುರುತು. ಬ್ರಿಟನ್ನಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರು ಇದೇ. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ‘ಬೇಬಿ ಹಿಂದುಸ್ತಾನ್’ ಎಂದು ಕರೆಯಿತು. 2014ರವರೆಗೂ ತಯಾರಾದ ಅಂಬಾಸಿಡರ್ ಕೂಡ ಮೋರಿಸ್ ಮನೆತನದ್ದೇ; ಅದರ ಮೂಲ ಮೋರಿಸ್ ಆಕ್ಸ್‌ಫರ್ಡ್. ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಅಂಬಾಸಿಡರ್‌ನ ಚಿಕ್ಕ ತಂಗಿ!

ಕೆಲವು ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು, ಕೆಲವು ಇಂಗ್ಲೆಂಡಿನಿಂದ ಪಾರ್ಸೆಲ್ ಬಂದವು. ಟಿಂಕರಿಂಗ್, ಬಣ್ಣ ಶಿವಮೊಗ್ಗದಲ್ಲಿ ಆಯಿತು. ಗಡುವು ಮುಗಿದು ವರ್ಷಗಳಾಗಿದ್ದ ನೋಂದಣಿಯನ್ನು ದಂಡ ಕಟ್ಟಿ ನವೀಕರಿಸಿದೆವು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಿಂದ ‘ವಿಂಟೇಜ್’ ನೋಂದಣಿ ಎಂಬ ದಾರಿಯೂ ಇದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕೆ ಮಾತ್ರ. ‘ಸಂತೆಗೆ ಹೋಗದ ಕಾರು ನಂಗೆ ಎಂತಕ್ಕೆ?’ ಎಂದರು ಅಜ್ಜ. ಹಾಗಾಗಿ ಮಾಮೂಲಿ ನೋಂದಣಿಯಲ್ಲೇ ಉಳಿದೆವು.

ಎರಡು ವರ್ಷ ಅಜ್ಜ, ನಾನು ಅದರಲ್ಲಿ ಸೊರಬದ ಸಂತೆಗೆ ಹೋದೆವು. ಆಮೇಲೆ ಅಜ್ಜನ ಕಣ್ಣು ಮಂಜಾಯಿತು. ತಂಗಿಗೆ ನರ್ಸಿಂಗ್ ಸೀಟು ಸಿಕ್ಕಿತು, ಫೀಸು ಹೊಂದಿಸಬೇಕಿತ್ತು. ನಾನು ಊರು ಬಿಡಲೇಬೇಕಿತ್ತು. ಮಲೆನಾಡಿನ ಮಳೆಗಾಲದಲ್ಲಿ ಓಡದೆ ನಿಂತ ಕಾರು ಒಳಗೊಳಗೇ ಸಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಮಾರೋಣ ಎಂದು ಮೊದಲು ಹೇಳಿದ್ದು ಅಜ್ಜನೇ.

ನನ್ನ ಪುಸ್ತಕದ ಲೆಕ್ಕದಲ್ಲಿ ಖರ್ಚಾಗಿದ್ದು 3 ಲಕ್ಷದ 42 ಸಾವಿರ. ಅದಕ್ಕೆ ನನ್ನ ಎರಡೂವರೆ ವರ್ಷದ ಕೂಲಿಯನ್ನೂ ಸೇರಿಸಿ 6 ಲಕ್ಷ ಎಂದು ಹೇಳಿದೆ. ಎರಡು ತಿಂಗಳು ಒಬ್ಬರೂ ತಿರುಗಿ ನೋಡಲಿಲ್ಲ. ಅಜ್ಜ ನಕ್ಕರು. ‘ಮಂಡೀಲಿ ಅಡಿಕೆಗೆ ದರ ಹಾಕ್ತಾರೆ ಅಪ್ಪಿ. ನೀನು ಮರ ಹತ್ತಿದ್ದಕ್ಕೆ, ಮಳೇಲಿ ನೆನೆದಿದ್ದಕ್ಕೆ ದರ ಹಾಕಲ್ಲ. ಕೊಳ್ಳೋನು ಕಾರು ಕೊಳ್ತಾನೆ, ನಿನ್ನ ಎರಡೂವರೆ ವರ್ಷ ಕೊಳ್ಳಲ್ಲ.’ ಅವತ್ತು ಸಿಟ್ಟು ಬಂದಿತ್ತು. ಆದರೂ ಬೆಲೆ 3 ಲಕ್ಷದ 40 ಸಾವಿರಕ್ಕೆ ಇಳಿಸಿದೆ.

ಮಂಗಳೂರಿನಿಂದ ಒಬ್ಬರು ಮಗಳ ಜೊತೆ ಬಂದರು. ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಟಕ್ ಟಕ್ ಸದ್ದು ಕೇಳಿ ಅವರ ಮುಖ ಅರಳಿತು. ಬೆಲೆಯ ಬಗ್ಗೆ ತಕರಾರೇ ಇಲ್ಲ. ಆದರೆ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಈ ಕಾರಿಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು. ಎಡಬದಿಯ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗದ ಒಳಗೆ ತುಕ್ಕು ಇತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ದುಡ್ಡು ಮುಗಿದಿತ್ತು. ತುಕ್ಕು ತಡೆಯುವ ಬಣ್ಣ ಬಳಿದು, ಮೇಲೆ ಹೊಸ ಕಾರ್ಪೆಟ್ ಹಾಸಿದ್ದೆವು. ಗೆಳೆಯನೊಬ್ಬ ಮೊದಲೇ ಕಿವಿಮಾತು ಹೇಳಿದ್ದ: ‘ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ನಿರು.’

ಅವರು ಕೇಳಲಿಲ್ಲ. ನಾನು ಸುಮ್ಮನಿದ್ದೆ. ಜಗಲಿಯಲ್ಲಿ ಕೂತಿದ್ದ ಅಜ್ಜ ನನ್ನನ್ನೇ ನೋಡುತ್ತಿದ್ದರು. ಸುಗ್ಗಿಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಆರಿಸುತ್ತೇವೆ. ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ರಾಶಿಯ ಚೀಲದ ತಳದಲ್ಲಿ ಗೊರಬಲು ಸೇರಿಸಿದವರ ಹೆಸರು ಮಂಡಿಯಲ್ಲಿ ಎಷ್ಟು ವರ್ಷ ಉಳಿಯುತ್ತದೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸೀಟಿನಲ್ಲಿ ಅವರ ಮಗಳು ಕೂತು ಹೋಗುವವಳಿದ್ದಳು.

ಕಾರ್ಪೆಟ್ ಎತ್ತಿ ತೋರಿಸಿದೆ. ಅವರು ಮೊಬೈಲ್ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. 25 ಸಾವಿರ ಕಡಿಮೆ ಮಾಡಿ ಅಂದರು. ಒಪ್ಪಿದೆ. ಕೈಗೆ ಬಂದಿದ್ದು 3 ಲಕ್ಷದ 15 ಸಾವಿರ. ಖರ್ಚಿನ ಲೆಕ್ಕದಲ್ಲೇ 27 ಸಾವಿರ ನಷ್ಟ.

ಮಾಲೀಕತ್ವ ಬದಲಿಸುವ ಫಾರಂ 29 ಮತ್ತು 30ಕ್ಕೆ ಅಜ್ಜ ನಡುಗುವ ಕೈಯಲ್ಲಿ ಸಹಿ ಹಾಕಿದರು. ಹಳೆಯ ಬೈಕೋ ಕಾರೋ ಮಾರುವ ಗೆಳೆಯರಿಗೆ ಒಂದು ಮಾತು: ಕೊಳ್ಳುವವರ ಹೆಸರು, ತಾರೀಖು ತುಂಬದ ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ದಾಖಲೆಯಲ್ಲಿ ಹೆಸರು ಬದಲಾಗುವ ತನಕ ದಂಡ, ಕೇಸು ಎಲ್ಲವೂ ನಿಮ್ಮ ಮನೆಗೇ ಬರುತ್ತವೆ. ಹೊರಡುವ ಮುನ್ನ ಆ ಹುಡುಗಿಗೆ ನನ್ನ ಪುಸ್ತಕ ಕೊಟ್ಟೆ. ಮುಂದಿನ ಚಕ್ರ ತಿರುಗುವ ಕೀಲಿಗೆ ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೆಯದಿದ್ದರೆ ಚಕ್ರವೇ ಮಡಚಿಕೊಳ್ಳುತ್ತದೆ ಎಂಬುದನ್ನು ಅದರಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೆ.

ಕಾರು ಮಾರುವ ಮೊದಲು ಒಂದು ಸಂದರ್ಶನದಲ್ಲಿ ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದಾಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ ಎಂದು ಸುಳ್ಳು ಹೇಳಿದ್ದೆ. ಎರಡನೇ ಪ್ರಶ್ನೆಗೇ ಸಿಕ್ಕಿಬಿದ್ದೆ. ಕಾರು ಹೋದ ಮೇಲೆ ಹುಬ್ಬಳ್ಳಿಯಲ್ಲಿ ಅದೇ ಪ್ರಶ್ನೆ ಬಂತು. ಒಂದು ಕಾರು ರಿಪೇರಿ ಮಾಡಿದೆ, ಅದರಲ್ಲಿ ಇಂಥದ್ದು ಸರಿಯಾಯಿತು, ಇಂಥದ್ದು ಆಗಲಿಲ್ಲ, ಇಷ್ಟು ನಷ್ಟವಾಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿದರು. ಕೆಲಸ ಸಿಕ್ಕಿತು. ಸಂಬಳ ದೊಡ್ಡದೇನಲ್ಲ, ತಂಗಿಯ ಮುಂದಿನ ವರ್ಷದ ಫೀಸಿಗೆ ಆಗುತ್ತದೆ.

ನಮ್ಮ ಮನೆಯಲ್ಲಿ ದನ ಮಾರಿದರೆ ಹಗ್ಗ ಕೊಡುವ ಪದ್ಧತಿ ಇಲ್ಲ, ಬಿಚ್ಚಿ ಉಳಿಸಿಕೊಳ್ಳುತ್ತೇವೆ. ಕಾರಿನ ಕೀಲಿಯಲ್ಲಿ ಸೊರಬದ ಗುಡಿಗಾರರು ಕೆತ್ತಿದ ಒಂದು ಪುಟ್ಟ ಗಂಧದ ಆನೆ ನೇತಾಡುತ್ತಿತ್ತು. ಕೀಲಿ ಕೊಡುವಾಗ ಅಜ್ಜ ಆ ಆನೆಯನ್ನು ಬಿಚ್ಚಿಕೊಂಡು ನನ್ನ ಕೈಯಲ್ಲಿಟ್ಟರು. ಈಗ ಅದರಲ್ಲಿ ಹುಬ್ಬಳ್ಳಿಯ ಬಾಡಿಗೆ ಕೋಣೆಯ ಕೀಲಿ ಇದೆ.