ಮರದಲ್ಲಿ ಕೆತ್ತಿದ ಮಳೆ



ಅಚ್ಚಿನ ಚಿತ್ರವೆಂದರೆ ಯಾವುದೋ ಮೂಲಚಿತ್ರದ ಅಗ್ಗದ ಪ್ರತಿ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಜಪಾನಿನ ಹಿರೋಶಿಗೆಯ ಮಳೆಚಿತ್ರದ ಫೋಟೋ ಪ್ರತಿಯೊಂದು ನಮ್ಮ ಚಿಕಿತ್ಸಾಲಯದ ಗೋಡೆಯ ಮೇಲೆ ವರ್ಷಗಟ್ಟಲೆ ತೂಗುತ್ತಿತ್ತು. ಕಾಯುತ್ತ ಕುಳಿತ ರೋಗಿಗಳು ಅದನ್ನು ನೋಡಿದಷ್ಟು ನಾವು ನೋಡಿರಲಿಲ್ಲ. ವಸ್ತುಸಂಗ್ರಹಾಲಯವೊಂದರಲ್ಲಿ ಅದರ ನಿಜವಾದ ಮರದಚ್ಚಿನ ಹಾಳೆಯ ಮುಂದೆ ನಿಂತಾಗಲೇ ನಮ್ಮ ತಪ್ಪು ನಮಗೆ ತಿಳಿದದ್ದು.

ಶಿನ್-ಓಹಾಶಿ ಸೇತುವೆಯ ಮೇಲೆ ಹಠಾತ್ತನೆ ಸುರಿಯುವ ಮಳೆ. ಚಿತ್ರದ ವಸ್ತು ಇಷ್ಟೇ. 1857ರ ಈ ಕೃತಿ, ಇಂದು ಟೋಕಿಯೋ ಎನಿಸಿಕೊಂಡಿರುವ ಎದೋ ನಗರದ ನೂರು ಪ್ರಸಿದ್ಧ ನೋಟಗಳ ಮಾಲಿಕೆಗೆ ಸೇರಿದುದು. ಸೇತುವೆಯೂ ಓರೆ, ಆಚೆಯ ದಡವೂ ಓರೆ; ಕಣ್ಣು ನೆಲೆನಿಲ್ಲಲು ಮಟ್ಟವಾದ ಗೆರೆಯೊಂದೂ ಇಲ್ಲ. ಮಳೆಗೆ ಸಿಕ್ಕ ದಾರಿಹೋಕರ ತಬ್ಬಿಬ್ಬು ಅವರ ಮುಖದಲ್ಲಿಲ್ಲ, ಈ ಓರೆಗೆರೆಗಳಲ್ಲಿದೆ.

ಇನ್ನು ಮಳೆಯ ಎಳೆಗಳು. ಕುಂಚದಿಂದ ಎಳೆದಂತೆ ತೋರುವ ಈ ಗೆರೆಗಳನ್ನು ಯಾರೂ ಮರದ ಮೇಲೆ ಗೀಚಿಲ್ಲ. ಚೆರ್ರಿ ಮರದ ಹಲಗೆಯಲ್ಲಿ ಪ್ರತಿಯೊಂದು ಎಳೆಯ ಎರಡೂ ಬದಿಯ ಮರವನ್ನು ಕೆತ್ತಿ ತೆಗೆದು, ಕೂದಲೆಳೆಯಷ್ಟು ಏಣನ್ನು ಮಾತ್ರ ಉಳಿಸಿದ್ದಾರೆ. ಉಳಿ ಜಾರಿದರೆ ಆ ಎಳೆ ಹೋಯಿತು. ಮೇಲಾಗಿ ಮಳೆಗೆಂದೇ ಎರಡು ಹಲಗೆಗಳು; ಒಂದರ ಗೆರೆಗಳ ಓರೆಗೂ ಇನ್ನೊಂದರ ಓರೆಗೂ ತುಸುವೇ ವ್ಯತ್ಯಾಸ. ಆದ್ದರಿಂದಲೇ ಮಳೆ ಪರದೆಯಂತೆ ಚಪ್ಪಟೆಯಾಗದೆ ಆಳವನ್ನು ಪಡೆದಿದೆ.

ಮೇಲಿನ ಕಾರ್ಮುಗಿಲು ಮುದ್ರಕನ ಕೈಚಳಕ. ಹಲಗೆಗೆ ಬಳಿದ ಒದ್ದೆ ಬಣ್ಣವನ್ನು ಕೆಳಕೆಳಗೆ ತೆಳುವಾಗುವಂತೆ ಹದಗೊಳಿಸಿ, ಕಾಗದವನ್ನಿಟ್ಟು, ಬಿದಿರಿನ ಹಾಳೆ ಹೊದಿಸಿದ ದುಂಡನೆಯ ಒತ್ತುಗೆಯಿಂದ ಬೆನ್ನಿನ ಮೇಲೆ ಉಜ್ಜಬೇಕು. ಪ್ರತಿಯೊಂದು ಹಾಳೆಗೂ ಇದನ್ನು ಹೊಸದಾಗಿಯೇ ಮಾಡಬೇಕು. ಆದರೂ ಹೆಸರು ಉಳಿದದ್ದು ಹಿರೋಶಿಗೆಯದು. ಕೆತ್ತಿದವರ, ಒತ್ತಿದವರ ಹೆಸರುಗಳನ್ನು ಇಂಥ ಹಾಳೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಬಲ್ಲ ನಮಗೆ ಇದು ಹೊಸತಲ್ಲ, ಸಮಾಧಾನವೂ ಅಲ್ಲ.

1887ರಲ್ಲಿ ವಾನ್ ಗೋ ಇದೇ ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡಿದನು. ಬಣ್ಣದ ಮೇಲೆ ಬಣ್ಣವಿಟ್ಟು ಮಳೆಯನ್ನು ತರುವ ಸೌಲಭ್ಯ ಅವನಿಗಿತ್ತು. ನಮ್ಮ ಮಟ್ಟಿಗೆ ಆ ಮಳೆ ಅಷ್ಟು ಹರಿತವಲ್ಲ. ಈ ಅಚ್ಚಿನ ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿ ನೋಡುವ ಅವಕಾಶ ದೊರೆತರೆ ಮೊದಲು ಮೋಡದ ಅಂಚನ್ನು ಹೋಲಿಸಿ ನೋಡಿರಿ. ಸೇತುವೆ ಅದೇ, ಜನ ಅವರೇ. ಮೋಡ ಮಾತ್ರ ಬೇರೆ ಬೇರೆ.