ಬೆಳ್ವೊಲದ ಬಯಲು: ನಮ್ಮ ಸೀಮೆಯ ಸೈನಿಕ ಇತಿಹಾಸ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳಲ್ಲಿ ಹಿಂಗಾರಿನ ಗೋದಿ, ಬಿಳಿಜೋಳ, ಕಡಲೆ ತಲೆದೂಗುವುದನ್ನು ಕಂಡವರಿಗೆ ಇದು ರಣಭೂಮಿಯಾಗಿತ್ತೆಂದು ಹೇಳಿದರೆ ನಂಬಿಕೆ ಬಾರದು. ಆದರೂ ಸುಮಾರು ಸಾವಿರ ವರ್ಷಗಳ ಕಾಲ ದಕ್ಷಿಣಾಪಥದ ಪ್ರಬಲ ಸೈನ್ಯಗಳು ಈ ಬಯಲನ್ನು ಮತ್ತೆ ಮತ್ತೆ ತುಳಿದಿವೆ. ಹೀಗಾಗಲು ಕಾರಣವೇನು? ಇದರಿಂದ ನಮ್ಮ ಹಿರಿಯರಿಗೆ ಸಂದದ್ದೇನು? ಈ ಎರಡು ಪ್ರಶ್ನೆಗಳನ್ನು ಕುರಿತು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗಿದೆ.

ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ಮಣ್ಣು. ಅಣ್ಣಿಗೇರಿಯು ಪ್ರಮುಖ ಪಟ್ಟಣವಾಗಿದ್ದ ಪ್ರಾಂತವನ್ನು ಶಾಸನಗಳು ‘ಬೆಳ್ವೊಲ ಮುನ್ನೂರು’ ಎಂದು ಕರೆಯುತ್ತವೆ. ಬೆಳೆ ಬೆಳೆಯುವ ಹೊಲವೆಂಬುದೇ ಆ ಹೆಸರಿನ ಅರ್ಥ. ದಂಡಿಗೆ ಕಾಳು, ಕುದುರೆ ಎತ್ತುಗಳಿಗೆ ಮೇವು, ಬೊಕ್ಕಸಕ್ಕೆ ಕಂದಾಯ, ಈ ಮೂರೂ ಇಲ್ಲಿ ದೊರೆಯುತ್ತಿದ್ದವು. ಎರಡನೆಯದು ನೆಲದ ರಚನೆ. ಮಲಪ್ರಭೆ ಮತ್ತು ತುಂಗಭದ್ರೆಗಳ ನಡುವೆ ನರಗುಂದ, ನವಲಗುಂದಗಳಂಥ ಕೆಲವು ಗುಡ್ಡಗಳನ್ನು ಬಿಟ್ಟರೆ ಬರುವ ದಂಡನ್ನು ತಡೆಯುವಂಥದು ಕಡಿಮೆ. ಉತ್ತರದ ಅರಸರೂ ದಕ್ಷಿಣದ ಅರಸರೂ ಎದುರುಬದುರಾಗುವ ಸ್ಥಳವಿದು. ಮೂರನೆಯದು ದಾರಿ. ಕಲಘಟಗಿಯನ್ನು ದಾಟಿ ಯಲ್ಲಾಪುರದ ಘಟ್ಟವನ್ನಿಳಿದರೆ ಕರಾವಳಿಯ ಬಂದರುಗಳು ಸಿಗುತ್ತವೆ. ಬಯಲನ್ನು ಹಿಡಿದವನಿಗೆ ಕಡಲಿನ ಹಾದಿಯೂ ವಶವಾಗುತ್ತಿತ್ತು.

ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದಾಗ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಅವನಿಗೆ ಕೊಟ್ಟ ನಾಡುಗಳಲ್ಲಿ ಬೆಳ್ವೊಲವೂ ಒಂದೆಂದು ಆತಕೂರಿನ ಕಲ್ಲು ತಿಳಿಸುತ್ತದೆ. ದೂರದ ತಮಿಳುನಾಡಿನಲ್ಲಿ ನಡೆದ ಕಾಳಗದ ಬಹುಮಾನ ನಮ್ಮ ಹೊಲಗಳಾದವು! ಮುಂದಿನ ಶತಮಾನದಲ್ಲಿ ಚೋಳ-ಚಾಲುಕ್ಯರ ವೈರ ಈ ನೆಲದ ಮೇಲೆಯೇ ಉರಿಯಿತು. ಹೊಟ್ಟೂರಿನ ಕ್ರಿ.ಶ. 1007ರ ಶಾಸನವು ಚೋಳರ ಒಂಬತ್ತು ಲಕ್ಷ ದಂಡು ನಾಡನ್ನು ಸೂರೆಮಾಡಿತೆನ್ನುತ್ತದೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿರಬಹುದು, ಸಂಕಟದಲ್ಲಿ ಇಲ್ಲ. ಅಣ್ಣಿಗೇರಿಯಲ್ಲಿದ್ದ ಬಸದಿಯನ್ನೂ ಚೋಳರು ಸುಟ್ಟರೆಂದೂ ಅನಂತರ ಅದು ಜೀರ್ಣೋದ್ಧಾರವಾಯಿತೆಂದೂ ಗಾವರವಾಡದ ಶಾಸನದಿಂದ ತಿಳಿಯುತ್ತದೆ. ಮುಂದೆ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರನು ಕೆಲಕಾಲ ಅಣ್ಣಿಗೇರಿಯಲ್ಲಿ ನೆಲೆಸಿ ಆಳಿದನು. ಅವನ ಪತನವಾದ ಮೇಲೆ, 1190ರ ಸುಮಾರಿಗೆ, ಹೊಯ್ಸಳ ವೀರಬಲ್ಲಾಳನು ಗದಗಿಗೆ ಸಮೀಪದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದನು.

ತೋಪುಗಳ ಕಾಲ ಬಂದಾಗ ಯುದ್ಧದ ಕೇಂದ್ರ ಕೋಟೆಗಳಿಗೆ ಸರಿಯಿತು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಹಿಡಿಯಿತು. 1790ರಲ್ಲಿ ಪರಶುರಾಮಭಾವು ಪಟವರ್ಧನನು ಕ್ಯಾಪ್ಟನ್ ಲಿಟ್ಲನ ಇಂಗ್ಲಿಷ್ ತುಕಡಿಯೊಡನೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದನು. ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮೇಲ್ಪಟ್ಟು ಕಾದಾಡಿ 1791ರಲ್ಲಿ ಕೋಟೆಯನ್ನು ಬಿಟ್ಟುಕೊಟ್ಟನು. ಅದರ ಬೆನ್ನಿಗೇ ಮಳೆ ಹೋಗಿ ಇತಿಹಾಸಕಾರರು ತಲೆಬುರುಡೆಯ ಬರವೆಂದು ಕರೆಯುವ ಭೀಕರ ಕ್ಷಾಮ ಬಂದಿತು. ದಂಡಿನ ಸೂರೆಗೆ ಸಿಕ್ಕ ಹಳ್ಳಿಗಳಲ್ಲಿ ಬರವನ್ನೆದುರಿಸಲು ಹಗೇವಿನ ಕಾಳು ಎಲ್ಲಿಂದ ಉಳಿದೀತು? 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ತಲೆಬುರುಡೆಗಳು ಕಂಡುಬಂದವು. ಅವು ಯುದ್ಧದಲ್ಲಿ ಮಡಿದವರವೋ, ಬರದಲ್ಲಿ ಸತ್ತವರವೋ ಎಂದು ಚರ್ಚೆ ನಡೆಯಿತು. ಈ ಸೀಮೆಯಲ್ಲಿ ಯುದ್ಧವೂ ಬರವೂ ಜೊತೆಜೊತೆಯಾಗಿಯೇ ನಡೆದವೆಂಬುದನ್ನು ಮರೆಯಲಾಗದು.

1818ರಲ್ಲಿ ಥಾಮಸ್ ಮನ್ರೋ ಅಲ್ಪ ಸೈನ್ಯದೊಡನೆ ಪೇಶ್ವೆಯ ಅಧೀನದಲ್ಲಿದ್ದ ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಕಂಪನಿಯ ಆಳ್ವಿಕೆಯನ್ನು ಈ ನೆಲ ಸುಮ್ಮನೆ ಒಪ್ಪಲಿಲ್ಲ. 1824ರ ಅಕ್ಟೋಬರ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ರಾಣಿ ಚೆನ್ನಮ್ಮಾಜಿ ಸೆರೆಯಾದ ಬಳಿಕವೂ ಸಂಗೊಳ್ಳಿ ರಾಯಣ್ಣನು ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ದತ್ತಕದ ಹಕ್ಕು ತಪ್ಪಿಹೋಗಿ, ಆಯುಧಗಳನ್ನು ಒಪ್ಪಿಸಬೇಕಾಗಿ ಬಂದಾಗ ನರಗುಂದದ ಬಾಬಾಸಾಹೇಬನು ಬಂಡೆದ್ದನು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್‌ಸನ್ ಕೊಲ್ಲಲ್ಪಟ್ಟನು. ಎರಡೇ ವಾರಗಳಲ್ಲಿ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು.

ಇವು ದೊರೆಗಳ, ನಾಯಕರ ಹೆಸರುಗಳು. ಆದರೆ ನಮ್ಮ ಹಳ್ಳಿಗಳ ಗುಡಿಯ ಮುಂದೆ, ಕೆರೆಯ ದಂಡೆಯಲ್ಲಿ ನಿಂತಿರುವ ವೀರಗಲ್ಲುಗಳು ಬೇರೊಂದು ಇತಿಹಾಸವನ್ನು ಹೇಳುತ್ತವೆ. ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಅವರಲ್ಲಿ ಎಷ್ಟೋ ಜನ ರಾಜ್ಯಕ್ಕಾಗಿ ಮಡಿದವರಲ್ಲ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವರು. ಅಕ್ಷರ ಸವೆದ ಕಲ್ಲುಗಳಲ್ಲಿ ಅವರ ಹೆಸರೂ ಉಳಿದಿಲ್ಲ.

ಆ ಪರಂಪರೆ ಮುಗಿದಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಹಿಮಕುಸಿತಕ್ಕೆ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಯೋಧರು ಸಿಲುಕಿದರು. ಅವರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಐದು ದಿನಗಳ ಮೇಲೆ ಹಿಮದಡಿಯಿಂದ ಜೀವಂತವಾಗಿ ಹೊರಬಂದಾಗ ದೇಶವೇ ಬೆರಗಾಯಿತು. ಫೆಬ್ರವರಿ 11ರಂದು ದೆಹಲಿಯಲ್ಲಿ ಅವರು ಕೊನೆಯುಸಿರೆಳೆದರು. ಅವರನ್ನು ಬೆಟದೂರಿನ ಮಣ್ಣು ಮತ್ತೆ ಮಡಿಲಿಗೆ ತೆಗೆದುಕೊಂಡಿತು.

ಶಿಕ್ಷಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ಉದಾರ ದಾನಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಬಾಲಕ-ಬಾಲಕಿಯರು ಪಾಣಿಪತ, ಪ್ಲಾಸಿಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ತಮ್ಮೂರಿನ ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗಿರುವುದನ್ನು ಅರಿಯರು. ಪ್ರತಿ ತರಗತಿಯೂ ವರ್ಷಕ್ಕೊಂದು ಊರಿನ ಕಲ್ಲುಗಳನ್ನು ತೊಳೆದು, ಅಳತೆ ತೆಗೆದು, ಬರೆದಿಡಲಿ. ಸೈನ್ಯದಲ್ಲಿ ದುಡಿದು ಬಂದ ಹಿರಿಯರ ಮಾತುಗಳೂ ಆ ವಹಿಯಲ್ಲಿ ಸೇರಲಿ. ಯುದ್ಧವನ್ನು ಹೊಗಳುವುದು ಇದರ ಉದ್ದೇಶವಲ್ಲ. ಈ ನೆಲ ಎಷ್ಟು ಬೆಲೆ ತೆತ್ತು ನಮ್ಮ ಕೈಗೆ ಬಂದಿದೆಯೆಂದು ತಿಳಿದವನು ಅದನ್ನು ಹೆಚ್ಚು ಜೋಪಾನದಿಂದ ಉಳುತ್ತಾನೆ.